ಸ್ವಿಚ್ ಮುಚ್ಚಿದ್ದರೆ ಕರೆಂಟ್ ಇದೆ!

ಬೆಂಗಳೂರಿನಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್ ಮಾಡುವ ಕಂಪನಿಯೊಂದರಲ್ಲಿ ನನಗೆ ಕೈಪಿಡಿಗಳ ಅನುವಾದ ತಿದ್ದುವ ಕೆಲಸ. ಸೇರಿದ ಹೊಸದರಲ್ಲಿ ಪದಪಟ್ಟಿಯ ‘ಸ್ವಿಚ್’ ಸಾಲು ನೋಡಿ ಖುಷಿಯಾಗಿತ್ತು. ಸ್ಪ್ಯಾನಿಷ್, ಪೋರ್ಚುಗೀಸ್‌ನಲ್ಲಿ ಇಂಟೆರುಪ್ತೋರ್. ಇಟಾಲಿಯನ್‌ನಲ್ಲಿ ಇಂಟೆರುತ್ತೋರೆ. ಫ್ರೆಂಚ್‌ನಲ್ಲಿ ಆಂತೆರ್ಯುಪ್ತರ್, ರೊಮೇನಿಯನ್‌ನಲ್ಲಿ ಇಂತ್ರೆರುಪತೋರ್. 5 ಭಾಷೆ, ಒಂದೇ ಮನೆಯ ಮಕ್ಕಳು. ಲ್ಯಾಟಿನ್‌ನಲ್ಲಿ ‘ಇಂಟರ್’ ಅಂದರೆ ನಡುವೆ, ‘ರುಂಪೆರೆ’ ಅಂದರೆ ಮುರಿಯುವುದು. ಯಾರಾದರೂ ಮಾತಾಡುವಾಗ ನಡುವೆ ಬಾಯಿ ಹಾಕೋದಕ್ಕೂ ಇದೇ ಮೂಲದ ಕ್ರಿಯಾಪದ.

ನಾವು ಲೈಟ್ ಹಾಕೋಕೆ ಅಂತ ಸ್ವಿಚ್ ಒತ್ತುತ್ತೇವೆ. ಅವರು ಹೆಸರಿಟ್ಟಿದ್ದು ಕರೆಂಟ್ ಕಡಿಯುವ ಕೆಲಸಕ್ಕೆ! ಮೆಕ್ಸಿಕೋದವರಂತೂ ಮನೆಯ ಲೈಟ್ ಸ್ವಿಚ್ಚಿಗೆ ‘ಅಪಗದೋರ್’ ಅನ್ನುತ್ತಾರೆ, ಅಂದರೆ ಆರಿಸುವಂಥದ್ದು. ನಮ್ಮ ‘ಆರಿಸು’ ಹಾಗೇ ಅವರ ‘ಅಪಗಾರ್’ ದೀಪಕ್ಕೂ ಆಗುತ್ತೆ, ಬೆಂಕಿಗೂ ಆಗುತ್ತೆ.

ನಾನು ಎಡವಿದ್ದು ಕೆನಡಾದ ಕ್ವಿಬೆಕ್‌ಗೆ ಹೋಗಬೇಕಿದ್ದ ಫ್ರೆಂಚ್ ಕೈಪಿಡಿಯಲ್ಲಿ. ಒಂದು ಚಿತ್ರದ ಕೆಳಗೆ ‘ಆಂತೆರ್ಯುಪ್ತರ್ ಫೆರ್ಮೆ’ ಅಂತಿತ್ತು. ಸ್ವಿಚ್ ಮುಚ್ಚಿದೆ ಅಂತ ಅರ್ಥ. ಕ್ವಿಬೆಕ್‌ನಲ್ಲಿ ‘ಲೈಟ್ ಮುಚ್ಚು’ ಅಂದರೆ ಲೈಟ್ ಆರಿಸು ಅಂತ ನನಗೆ ಗೊತ್ತಿತ್ತಲ್ಲ, ಅದೇ ಜಾಣತನದಲ್ಲಿ ಪಕ್ಕಕ್ಕೆ ಆಫ್ ಗುರುತು ಹಾಕಿ ಕಳಿಸಿಬಿಟ್ಟೆ.

ಪ್ರಿಂಟಿಗೆ ಹೋಗುವ ಮುಂಚೆ ನಮ್ಮ ಸೀನಿಯರ್ ಇಂಜಿನಿಯರ್ ನೋಡಿದರು. ಮಂಗಳೂರಿನವರು. ಬೈಯಲಿಲ್ಲ, ಟೀ ಕಪ್ ಬದಿಗಿಟ್ಟು ಒಂದು ಕಾಗದ ಎಳೆದುಕೊಂಡರು. ಎರಡು ಚುಕ್ಕಿ, ಒಂದರಿಂದ ಓರೆಯಾಗಿ ಮೇಲೆದ್ದ ಒಂದು ಗೆರೆ. “ನೀನು ಬಾಗಿಲು ಅಂದುಕೊಂಡೆ ಅಲ್ವಾ? ಬಾಗಿಲಲ್ಲ ಮಾರಾಯ್ತಿ, ಇದು ಎತ್ತಿಟ್ಟ ಸಂಕ. ತೆರೆದಿದ್ದರೆ ಕರೆಂಟ್ ಆಚೆ ಹೋಗಲಿಕ್ಕಿಲ್ಲ. ಮುಚ್ಚಿದರೆ ದಾಟ್ತದೆ.” ಸಂಕ ಅಂದರೆ ಅವರ ಕಡೆ ಕಾಲುಸೇತುವೆ. ಗೆರೆಯನ್ನು ಎರಡನೇ ಚುಕ್ಕಿಗೆ ಮುಟ್ಟಿಸಿ ತೋರಿಸಿದರು. ಅಂದರೆ ನನ್ನ ಗುರುತು ನಂಬಿ ಯಾರಾದರೂ ಪ್ಯಾನೆಲ್‌ಗೆ ಕೈ ಹಾಕಿದ್ದರೆ, ಒಳಗೆ ಕರೆಂಟ್ ಹರೀತಾ ಇರುತ್ತಿತ್ತು. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಆಮೇಲೆ ಪದಪಟ್ಟಿಯ ಆ ಒಂದು ಸಾಲನ್ನು ಒಡೆದೆ. ಕಂಪ್ಯೂಟರ್‌ಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿಗೆ ಫ್ರೆಂಚ್‌ನಲ್ಲಿ ‘ಕೊಮ್ಯುತಾತರ್’, ಅದು ಬೇರೆಯೇ. ‘ತೆರೆದಿದೆ’, ‘ಮುಚ್ಚಿದೆ’ ಬಂದ ಕಡೆಯೆಲ್ಲ ಸ್ವಿಚ್ಚಿನ ಮೇಲೇ ಇರುವ ಗುರುತನ್ನೂ ಹಾಕಿಸುತ್ತೇನೆ: ನಿಂತ ಗೆರೆ ಆನ್, ಸೊನ್ನೆ ಆಫ್.

ಹೋದ ತಿಂಗಳು ಅದೇ ಪ್ಯಾನೆಲ್‌ಗೆ ಕನ್ನಡ ಲೇಬಲ್ ಬೇಕು ಅಂದರು. ‘ಸ್ವಿಚ್ ಮುಚ್ಚಿದೆ’ ಅಂತ ಯಾರೋ ಟೈಪ್ ಮಾಡಿ ಕಳಿಸಿದ್ದರು. ಹೊಡೆದು ಹಾಕಿ ‘ಕರೆಂಟ್ ಇದೆ, ಮುಟ್ಟಬೇಡಿ’ ಅಂತ ಬರೆದೆ.