ಪುನರ್ವಸು ಮಳೆಗೆ ಚೀಲ ಕಟ್ಟುವಾಗ

ಮಲೆನಾಡಿನಲ್ಲಿ ಭೂದೃಶ್ಯದ ಫೋಟೊ ತೆಗೆಯುವವರಿಗೆ ಮಳೆಗಾಲವೇ ಸುಗ್ಗಿ ಎಂದು ನಂಬಿದವನು ನಾನು. ಆರಿದ್ರೆ ಹಿಡಿದು ಆಶ್ಲೇಷ ಮುಗಿಯುವವರೆಗೆ ಕಾಡಿಗೆ ಬರುವ ಬಣ್ಣ, ಗುಡ್ಡಗಳ ನಡುವೆ ಮಂಜು ಪದರಪದರವಾಗಿ ಬಿಚ್ಚಿಕೊಳ್ಳುವ ಬಗೆ ಉಳಿದ ತಿಂಗಳುಗಳಲ್ಲಿ ಸಿಗುವುದಿಲ್ಲ. ನನ್ನ ಚೀಲದಲ್ಲಿರುವ ಪ್ರತಿಯೊಂದು ವಸ್ತುವನ್ನೂ ಆ ಮಳೆಗೆಂದೇ ಆರಿಸಿದ್ದೇನೆ.

ಶಿರಸಿಯ ಅಕ್ಕನ ಮಗ ಈಗಷ್ಟೇ ಈ ಹವ್ಯಾಸಕ್ಕೆ ಇಳಿದಿದ್ದಾನೆ. ಮೊನ್ನೆ ಬಂದವನು, "ಮಾವ, ಈ ಕ್ಯಾಮೆರಾ ಇಷ್ಟು ಹಳೆಯದಾಯಿತು, ಬದಲಾಯಿಸುವುದಿಲ್ಲವೇ?" ಎಂದು ಕೇಳಿದ. ದುಡಿಯುವ ಎತ್ತನ್ನು ಯಾರು ಮಾರುತ್ತಾರೆ ಎಂದೆ. ನನ್ನದು 2015ರಲ್ಲಿ ಮಾರುಕಟ್ಟೆಗೆ ಬಂದ ನಿಕಾನ್ ಡಿ7200. 24 ಮೆಗಾಪಿಕ್ಸೆಲ್ ಎಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕಿ. ಅಂಗುಲಕ್ಕೆ 250 ಚುಕ್ಕಿಯಂತೆ ಅಚ್ಚು ಹಾಕಿದರೂ 24x16 ಅಂಗುಲದ ಚಿತ್ರ ಚೊಕ್ಕವಾಗಿ ಬರುತ್ತದೆ. ಗೋಡೆಗೆ ತೂಗುಹಾಕಲು ಅದಕ್ಕಿಂತ ದೊಡ್ಡದು ನನಗೆ ಬೇಕಿಲ್ಲ. ಕ್ಯಾಮೆರಾದ ಮಾತು ಇಲ್ಲಿಗೆ ಸಾಕು.

ದುಡ್ಡು ಹಾಕಬೇಕಾದದ್ದು ಟ್ರೈಪಾಡ್‌ಗೆ. ಮೋಡ ಮುಚ್ಚಿದ ಕಾಡಿನೊಳಗೆ, ಐಎಸ್ಒ 100ರಷ್ಟು ಕಡಿಮೆ ಬೆಳಕಿನ ಸೂಕ್ಷ್ಮತೆಯಲ್ಲಿ, ಎಫ್11ರಷ್ಟು ಕಿರಿದಾದ ಲೆನ್ಸಿನ ಕಿಂಡಿಯಲ್ಲಿ ಷಟರ್ ಅರ್ಧ ಸೆಕೆಂಡಿಗಿಂತಲೂ ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಆ ಹೊತ್ತಿಗೆ ಕೈಯನ್ನು ನಂಬಲಾಗದು. ಕಾರ್ಬನ್ ಫೈಬರ್ ಹಗುರ, ನಿಜ. ಆದರೆ ಹಳ್ಳದ ನಡುವೆ ನಿಲ್ಲಿಸಲು ಅಲ್ಯುಮಿನಿಯಂ ಕಾಲುಗಳೇ ನನಗೆ ಹಿತ. ತಿರುಗಿಸಿ ಬಿಗಿಮಾಡುವ ಬೀಗಕ್ಕಿಂತ ಮಡಚಿ ಒತ್ತುವ ಬೀಗ ಒದ್ದೆ ಕೈಗೆ ಸಲೀಸು. ನಡುವಿನ ಕಂಬವನ್ನು ನಾನು ಎತ್ತುವುದೇ ಇಲ್ಲ, ಎತ್ತಿದರೆ ಅದು ಒಂಟಿಕಾಲಿನಂತೆಯೇ ಅಲುಗುತ್ತದೆ. ಕಾಲು ಎಳೆಯುವಾಗ ಮೊದಲು ದಪ್ಪನೆಯ ಭಾಗ, ಬೇಕಾದರೆ ಮಾತ್ರ ಸಣ್ಣದು. ಎರಡು ಸೆಕೆಂಡಿನ ಟೈಮರ್ ಇಟ್ಟು, ಲೆನ್ಸಿನ ಅಲುಗಾಟ ತಡೆಯುವ ಗುಂಡಿಯನ್ನು ಬಂದ್ ಮಾಡಿ, ಉಸಿರು ಬಿಟ್ಟು ನಿಲ್ಲುತ್ತೇನೆ.

ಇನ್ನು ಪೋಲರೈಸರ್, ಅಂದರೆ ಲೆನ್ಸಿನ ಮುಂದೆ ಕೂರಿಸಿ ತಿರುಗಿಸುವ, ಪ್ರತಿಫಲನ ತಗ್ಗಿಸುವ ಫಿಲ್ಟರ್. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಮಳೆಯಲ್ಲಿ ತೊಯ್ದ ಎಲೆಯ ಮೇಲೆ ಆಕಾಶದ ಬಿಳುಪು ಪ್ರತಿಫಲಿಸಿ ಹಸಿರನ್ನು ಮುಚ್ಚಿಬಿಡುತ್ತದೆ. ಹಾಗೆ ಪ್ರತಿಫಲಿಸಿದ ಬೆಳಕಿನ ಕಂಪನ ಬಹುಪಾಲು ಒಂದೇ ದಿಕ್ಕಿನದು. ಫಿಲ್ಟರನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಜಾಗದಲ್ಲಿ ಆ ಬೆಳಕಷ್ಟೇ ತಡೆಯಲ್ಪಟ್ಟು ಎಲೆಯ ಸ್ವಂತ ಬಣ್ಣ ಮೇಲೆ ಬರುತ್ತದೆ. ಕಪ್ಪು ಬಂಡೆಯ ಮೇಲಿನ ಪಾಚಿ, ಹಳ್ಳದ ತಳದ ಕಲ್ಲು, ಎಲ್ಲವೂ ಹಾಗೆಯೇ. ನೀರನ್ನು ಅದರ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ಓರೆಯಾಗಿ ನೋಡುವಾಗ ಈ ಪರಿಣಾಮ ಅತಿ ಹೆಚ್ಚು, ನೇರ ಮೇಲಿನಿಂದ ನೋಡಿದರೆ ಏನೂ ಇಲ್ಲ. ಕಂಪ್ಯೂಟರಿನಲ್ಲಿ ಹಸಿರು ಹೆಚ್ಚಿಸಬಹುದು, ಬಿಳುಪಿನ ಅಡಿಯಲ್ಲಿ ದಾಖಲಾಗದೆ ಹೋದ ಎಲೆಯನ್ನು ತರಲಾಗದು. ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕು ನಷ್ಟವಾಗುತ್ತದೆ, ಆಗಲಿ.

ಜೋಗದಲ್ಲಿ ಮಾತ್ರ ಎಚ್ಚರ ಬೇಕು. ಬೆನ್ನ ಹಿಂದೆ ಬಿಸಿಲು ಬಿದ್ದು ತುಂತುರಿನಲ್ಲಿ ಕಾಮನಬಿಲ್ಲು ಮೂಡಿದಾಗ ಪೋಲರೈಸರನ್ನು ತಪ್ಪು ಕೋನಕ್ಕೆ ತಿರುಗಿಸಿದರೆ ಬಿಲ್ಲು ಚಿತ್ರದಿಂದ ಮಾಯವಾಗುತ್ತದೆ, ಏಕೆಂದರೆ ಅದರ ಬೆಳಕೂ ಧ್ರುವೀಕರಣಗೊಂಡದ್ದೇ, ಅಂದರೆ ಬಹುಪಾಲು ಒಂದೇ ದಿಕ್ಕಿನ ಕಂಪನದ್ದೇ. ಸರಿಯಾದ ಕೋನಕ್ಕೆ ತಂದರೆ ಇನ್ನಷ್ಟು ಗಾಢವಾಗುತ್ತದೆ.

ಬೆಳಕು ತಗ್ಗಿಸುವ ಹತ್ತು ಸ್ಟಾಪ್‌ನ ಕಪ್ಪು ಫಿಲ್ಟರ್ ನನ್ನಲ್ಲಿದೆ. ಮೂವತ್ತರಲ್ಲೊಂದು ಸೆಕೆಂಡಿನ ಷಟರನ್ನು ಅದು ಸುಮಾರು 34 ಸೆಕೆಂಡಿಗೆ ಎಳೆಯುತ್ತದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ನಿಂತ ಒಣ ಬೊಡ್ಡೆಗಳಿಗೆ ಅದು ಸರಿ. ಅಲೆ ಅಳಿದು ಬೊಡ್ಡೆಯೊಂದೇ ಉಳಿಯುತ್ತದೆ. ಆದರೆ ಜೋಗದಲ್ಲಿ 253 ಮೀಟರ್ ಎತ್ತರದಿಂದ ಬೀಳುವ ರಾಜಾನಂಥ ಧಾರೆಯನ್ನು ಹಾಲಿನ ಪಟ್ಟೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ನೀರಿನ ಭಾರ ಚಿತ್ರದಲ್ಲಿ ಕಾಣಬೇಕು.

ನನ್ನ ಎರಡೂ ಲೆನ್ಸ್‌ಗಳ, 18-140 ಮತ್ತು 70-300ರ, ಬಾಯಿ 67 ಮಿಲಿಮೀಟರ್. ಒಂದೇ ಪೋಲರೈಸರ್ ಎರಡಕ್ಕೂ ಆಗುತ್ತದೆ. 77ರ ಫಿಲ್ಟರ್ ಕೊಂಡು, ಅಳತೆ ಹೊಂದಿಸುವ ಬಳೆ ಸೇರಿಸಿಕೊಳ್ಳಬಹುದು ಎನ್ನುತ್ತಾರೆ. ಬಳೆ ಹಾಕಿದರೆ ಲೆನ್ಸಿನ ಹುಡ್ ಕೂರುವುದಿಲ್ಲ. ಮಳೆಹನಿ ಗಾಜಿಗೆ ತಾಗದಂತೆ ತಡೆಯುವುದು ಆ ಹುಡ್ಡೇ. ಅದರ ಮೇಲೆ ದೊಡ್ಡ ಕಪ್ಪು ಕೊಡೆ. ಪ್ಲಾಸ್ಟಿಕ್ ಹೊದಿಕೆಗಳಿಗಿಂತ ಕೊಡೆ ಮೇಲು, ಗಾಳಿ ಬೀಸುವ ಕೊಡಚಾದ್ರಿಯ ನೆತ್ತಿಯೊಂದನ್ನು ಬಿಟ್ಟು. ಕ್ಯಾಮೆರಾದ ಮೈ ಒರೆಸಲು ಹಳೆಯ ಹತ್ತಿಯ ಪಂಚೆಯ ತುಂಡುಗಳು, ಗಾಜಿಗೆ ಬೇರೆಯೇ ಮೆತ್ತನೆಯ ಬಟ್ಟೆ. ಉಂಬಳಕ್ಕೆ ಸುಣ್ಣ ಮತ್ತು ತಂಬಾಕಿನ ಪೊಟ್ಟಣ.

ಮನೆಗೆ ಬಂದ ಮೇಲಿನ ಕೆಲಸವನ್ನು ಹೊಸಬರು ಕಡೆಗಣಿಸುತ್ತಾರೆ, ಅದು ನನಗೆ ಸಂಕಟ. ನಮ್ಮ ಕಡೆಯ ಥಂಡಿಗೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ, ಅದು ಗಾಜಿನ ಲೇಪವನ್ನೇ ತಿಂದರೆ ಮತ್ತೆ ಸರಿಹೋಗುವುದಿಲ್ಲ. ರಬ್ಬರ್ ಅಂಚಿನ ಬಿಗಿ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮಾಪಕ. ಶೇ 40ರಿಂದ 50ರೊಳಗಿದ್ದರೆ ನೆಮ್ಮದಿ. ನೀಲಿ ಕಾಳು ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಒಣಗಿಸಬೇಕು. ಆ ನೀಲಿಯಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷ, ಆದ್ದರಿಂದ ಅಡುಗೆಯ ಬಾಣಲೆಗೆ ಅದನ್ನು ಹಾಕಕೂಡದು. ನಾನು ಈಗ ಕಿತ್ತಳೆ ಬಣ್ಣದ, ಕೋಬಾಲ್ಟ್ ಇಲ್ಲದ ಕಾಳನ್ನೇ ತರಿಸುತ್ತೇನೆ. ಲೆನ್ಸಿನ ಜೊತೆ ಬಂದ ಬಟ್ಟೆಯ ಅಥವಾ ಚರ್ಮದ ಚೀಲವನ್ನು ಮಾತ್ರ ಡಬ್ಬದಲ್ಲಿ ಇಡಬೇಡಿ. ತೇವ ಮೊದಲು ಕೂರುವುದು ಅಲ್ಲಿಯೇ.