ಬೌವರ್ಸ್ ಕೈಯಲ್ಲಿನ ದಾರ

ಕೇಂಬ್ರಿಡ್ಜಿಗೆ ಬಂದ ಮೊದಲ ಚಳಿಗಾಲ. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುತ್ತಿದ್ದ ದಿನಗಳವು. ಮಳೆ ಜೋರಾಯಿತೆಂದು ಲೆನ್ಸ್‌ಫೀಲ್ಡ್ ರಸ್ತೆಯ ಸ್ಕಾಟ್ ಧ್ರುವ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯದೊಳಗೆ ಹೊಕ್ಕೆ. ಪ್ರವೇಶ ಉಚಿತ, ಒಳಗೆ ಬೆಚ್ಚಗಿತ್ತು. ಹಳೆಯ ಧ್ರುವಯಾನಗಳ ಛಾಯಾಚಿತ್ರಗಳ ಹುಚ್ಚು ನನಗೆ ಹಿಡಿದದ್ದು ಅವತ್ತಿನಿಂದ.

1912ರ ಜನವರಿ 18ರಂದು ದಕ್ಷಿಣ ಧ್ರುವದಲ್ಲಿ ತೆಗೆದ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಬ್ರಿಟನ್ನಿನ ಧ್ರುವಯಾತ್ರಿ ಸ್ಕಾಟ್ ಮತ್ತು ಅವನ ನಾಲ್ವರು ಸಂಗಡಿಗರು. ಮೂವರು ನಿಂತಿದ್ದಾರೆ, ಇಬ್ಬರು ಕುಳಿತಿದ್ದಾರೆ. ನಾರ್ವೆಯ ಅಮುಂಡ್ಸೆನ್ ತಮಗಿಂತ ಒಂದು ತಿಂಗಳು ಮೊದಲೇ ಬಂದು ಹೋಗಿದ್ದಾನೆಂದು ತಿಳಿದ ಎರಡು ದಿನಗಳ ನಂತರದ ಮುಖಗಳು ಅವು. ಕುಳಿತ ಬೌವರ್ಸ್‌ನ ಕೈಯನ್ನು ಗಮನಿಸಿ. ಅಲ್ಲಿಂದ ಸಣ್ಣ ದಾರವೊಂದು ಕ್ಯಾಮೆರಾದ ಕಡೆಗೆ ಹೋಗಿದೆ. ಅದನ್ನು ಎಳೆದೇ ಅವನು ಚಿತ್ರ ತೆಗೆದದ್ದು. ಅಂದರೆ ಆ ಕ್ಷಣದಲ್ಲಿ ಕ್ಯಾಮೆರಾದ ಹಿಂದೆ ಯಾರೂ ಇರಲಿಲ್ಲ. ಸುತ್ತ ನೂರಾರು ಮೈಲಿ ಬರೀ ಹಿಮ. ಐವರಲ್ಲಿ ಒಬ್ಬರೂ ಹಿಂದಿರುಗಲಿಲ್ಲ. ಅದೇ ವರ್ಷ ನವೆಂಬರ್ 12ರಂದು ಹುಡುಕಿ ಹೋದವರಿಗೆ ಡೇರೆ ಸಿಕ್ಕಿತು. ಒಳಗೆ ಸ್ಕಾಟ್, ವಿಲ್ಸನ್, ಬೌವರ್ಸ್ ಇವರ ದೇಹಗಳ ಜೊತೆ ತೊಳೆಯದ ಫಿಲ್ಮ್ ಇತ್ತು.

ಫಿಲ್ಮ್ ಡೆವಲಪ್ ಮಾಡುವುದಕ್ಕೆ ‘ತೊಳೆಯುವುದು’ ಎಂಬುದು ನಮ್ಮೂರ ಸ್ಟುಡಿಯೊದ ಮಾತು. ಸಾಗರದಲ್ಲಿ ನಮ್ಮ ದೊಡ್ಡಪ್ಪನಿಗೆ ಸ್ಟುಡಿಯೊ ಇತ್ತು. ಕೆಂಪು ಬಲ್ಬಿನ ಕೋಣೆ, ಹೈಪೋ ವಾಸನೆ, ತೊಟ್ಟಿಯಲ್ಲಿ ಬಿಳಿ ಕಾಗದದ ಮೇಲೆ ನಿಧಾನವಾಗಿ ಮೂಡುವ ಮದುಮಗಳ ಮುಖ ಇವೆಲ್ಲ ನನಗೆ ಬಾಲ್ಯದ ನೆನಪು. ಹಾಗಾಗಿ ತಂಡದ ನೆಲೆಯಾಗಿದ್ದ ಕೇಪ್ ಇವಾನ್ಸ್‌ನ ಮರದ ಗುಡಿಸಲಿನಲ್ಲಿ, ತೀರಿಹೋದ ಗೆಳೆಯರ ಫಿಲ್ಮನ್ನು ತೊಳೆಯುತ್ತ ನಿಂತ ತಂಡದ ಭೂವಿಜ್ಞಾನಿ ಫ್ರ್ಯಾಂಕ್ ಡೆಬೆನ್‌ಹ್ಯಾಮ್‌ನನ್ನು ನೆನೆದರೆ ಎದೆ ಭಾರವಾಗುತ್ತದೆ. ಅದೇ ಡೆಬೆನ್‌ಹ್ಯಾಮ್ 1920ರಲ್ಲಿ ಕೇಂಬ್ರಿಡ್ಜಿನಲ್ಲಿ ಈ ಸಂಸ್ಥೆ ಕಟ್ಟಿದ.

ಬೌವರ್ಸ್‌ಗೂ ಸ್ಕಾಟ್‌ಗೂ ಕ್ಯಾಮೆರಾ ಪಾಠ ಹೇಳಿಕೊಟ್ಟವನು ತಂಡದ ಛಾಯಾಗ್ರಾಹಕ ಹರ್ಬರ್ಟ್ ಪಾಂಟಿಂಗ್. ಆ ಚಳಿಯಲ್ಲಿ ಒಮ್ಮೆ ಅವನ ನಾಲಿಗೆ ಕ್ಯಾಮೆರಾದ ಲೋಹಕ್ಕೆ ತಗುಲಿ ಅಲ್ಲೇ ಅಂಟಿಕೊಂಡಿತ್ತು. ನೀರ್ಗಲ್ಲಿನ ಗುಹೆಯೊಳಗೆ ನಿಂತು, ಅದರ ಬಾಯಲ್ಲಿ ಇಬ್ಬರು ಮನುಷ್ಯರನ್ನೂ ದೂರದಲ್ಲಿ ‘ಟೆರಾ ನೋವಾ’ ಹಡಗನ್ನೂ ಹಿಡಿದ ಅವನ ಚಿತ್ರ 1911ರ ಜನವರಿಯದು. ಕಾರ್ಬನ್ ಎಂಬ ಮುದ್ರಣ ವಿಧಾನದಲ್ಲಿ ಅವನೇ ಮಾಡಿಸಿದ ದೊಡ್ಡ ಛಾಯಾಚಿತ್ರಗಳು ನನ್ನಂಥವರ ಕೈಗೆ ಎಟುಕುವ ಬೆಲೆಯವಲ್ಲ. ನಾನು ಕೊಳ್ಳುವುದು ಅಂಚೆಕಾರ್ಡು ಮತ್ತು ಮಾಯಾದೀಪದ ಗಾಜುಗಳನ್ನು. ಸಿನಿಮಾ ಎಲ್ಲೆಡೆ ಹರಡುವ ಮುನ್ನ ಉಪನ್ಯಾಸಗಳಲ್ಲಿ ಪರದೆಯ ಮೇಲೆ ತೋರಿಸುತ್ತಿದ್ದದ್ದು ಈ ಗಾಜುಗಳನ್ನೇ. ಸುಮಾರು ಮೂರೂಕಾಲು ಅಂಗುಲದ ಚೌಕ. ಎರಡು ಗಾಜಿನ ನಡುವೆ ಚಿತ್ರ, ಸುತ್ತ ಕಪ್ಪು ಕಾಗದದ ಪಟ್ಟಿ. ನೇರವಾಗಿ ಹಿಡಿದಾಗ ಎಡ ಕೆಳಮೂಲೆಯಲ್ಲಿ ಪುಟ್ಟ ಬಿಳಿ ಚುಕ್ಕೆ ಇರುತ್ತದೆ. ಯಂತ್ರಕ್ಕೆ ತಲೆಕೆಳಗಾಗಿ ಸೇರಿಸುವಾಗ ಬಲ ಹೆಬ್ಬೆರಳು ಅದರ ಮೇಲೆ ಬಂದರೆ ಸರಿ. ನಾನೂ ಅಲ್ಲೇ ಹೆಬ್ಬೆರಳಿಟ್ಟು ನೋಡುತ್ತೇನೆ.

ಆರಂಭದಲ್ಲಿ ಒಬ್ಬ ವ್ಯಾಪಾರಿ ‘ಅಸಲಿ’ ಎಂದು ಕೊಟ್ಟದ್ದು ಪುಸ್ತಕದಿಂದ ಕತ್ತರಿಸಿದ ಹಾಳೆ ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು. ದುಡ್ಡಿಗಿಂತ ಹೆಚ್ಚಾಗಿ ಪುಸ್ತಕವೊಂದು ಹಾಳಾಯಿತಲ್ಲ ಎಂದು ಸಂಕಟವಾಯಿತು. ಈಗ ಭೂತಗನ್ನಡಿ ಇಲ್ಲದೆ ಹೊರಡುವುದಿಲ್ಲ. ಅಚ್ಚಾದ ಚಿತ್ರವಾದರೆ ಸಾಲು ಸಾಲು ಚುಕ್ಕಿಗಳು ಕಾಣುತ್ತವೆ. ಹಳೆಯ ಬೆಳ್ಳಿ ಲವಣದ ಛಾಯಾಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಎಷ್ಟೋ ಸಲ ಅಂಚಿನ ಕಪ್ಪಿನ ಮೇಲೆ ಬೆಳ್ಳಿಯ ಹೊಳಪು ತೇಲಿ ಬರುತ್ತದೆ.

ಗಾಜನ್ನು ಕೈಗೆತ್ತಿಕೊಂಡಾಗಲೆಲ್ಲ ಇನ್ನೊಂದು ಧ್ರುವಯಾನದ ಛಾಯಾಗ್ರಾಹಕ ಫ್ರ್ಯಾಂಕ್ ಹರ್ಲಿ ನೆನಪಾಗುತ್ತಾನೆ. 1915ರಲ್ಲಿ ಆ ಯಾನದ ನಾಯಕ ಶ್ಯಾಕಲ್ಟನ್ನನ ‘ಎಂಡ್ಯೂರೆನ್ಸ್’ ಹಡಗು ಹಿಮದ ಹಿಡಿತಕ್ಕೆ ನುಚ್ಚುನೂರಾದಾಗ, ಗಾಜಿನ ನೆಗೆಟಿವ್‌ಗಳ ಡಬ್ಬಿಗಳು ಒಳಗೆ ನೀರಿನಲ್ಲಿ ಮುಳುಗಿದ್ದವು. ಹರ್ಲಿ ಬಟ್ಟೆ ಕಳಚಿ ಆ ಹಿಮನೀರಿಗೆ ಇಳಿದು ಅವನ್ನು ಎತ್ತಿ ತಂದ. ಆದರೆ ಅಷ್ಟೂ ಗಾಜನ್ನು ಹೊತ್ತು ನಡೆಯುವಂತಿರಲಿಲ್ಲ. ಅವನೂ ಶ್ಯಾಕಲ್ಟನ್ನನೂ ಹಿಮದ ಮೇಲೆ ಕುಳಿತು ಒಂದೊಂದನ್ನೇ ನೋಡಿ ಸುಮಾರು 120ನ್ನು ಉಳಿಸಿಕೊಂಡರು. ಸುಮಾರು 400ನ್ನು, ಆಮೇಲೆ ಮನಸ್ಸು ಬದಲಾಗದಿರಲೆಂದು, ಅಲ್ಲೇ ಒಡೆದರು. ತಾನೇ ತೆಗೆದ ಚಿತ್ರ ತನ್ನೆದುರೇ ಒಡೆಯುವ ಸದ್ದನ್ನು ಆತ ಹೇಗೆ ತಡೆದುಕೊಂಡನೋ!

ಕಳೆದ ತಿಂಗಳು ಹಳೆಯ ಅಂಚೆಕಾರ್ಡುಗಳ ಸಂತೆಯಲ್ಲಿ 12 ಪೌಂಡಿಗೆ ಒಂದು ಗಾಜು ಸಿಕ್ಕಿತು. ಹಿಮದ ಮೇಲೆ ಸಾಲಾಗಿ ನಿಂತ ಪ್ರಾಣಿಗಳು. ‘ಸ್ಕಾಟ್‌ನ ಕುದುರೆಗಳು’ ಎಂದರು ಮಾರುವವರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಕಿವಿ ಉದ್ದ! ಕುದುರೆಗಳಲ್ಲ, ಹೇಸರಗತ್ತೆಗಳು. ಭಾರತೀಯ ಸೇನೆಯವರು ಶಿಮ್ಲಾದಲ್ಲಿ ಪಳಗಿಸಿ ಕಳಿಸಿದ ಏಳು ಹೇಸರಗತ್ತೆಗಳು 1912ರಲ್ಲಿ ಅಂಟಾರ್ಕ್ಟಿಕಾ ತಲುಪಿದ್ದವು. ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ, ಅಬ್ದುಲ್ಲಾ, ಪ್ಯಾರಿ, ಖಾನ್ ಸಾಹೇಬ್. ಸ್ಕಾಟ್‌ನ ಡೇರೆ ಕಂಡ ತಂಡದ ಜಾರುಬಂಡಿಗಳನ್ನು ಎಳೆದದ್ದು ಇವೂ ನಾಯಿಗಳೂ. ಅಷ್ಟು ದೂರದ ಆ ಕಥೆಯೊಳಗೆ ನಮ್ಮ ಕಡೆಯ ಹೆಸರುಗಳನ್ನು ಕಂಡು ನನ್ನ ಕಣ್ಣು ತುಂಬಿ ಬಂತು.

ವಿಡಿಯೊ ಕರೆಯಲ್ಲಿ ಅಮ್ಮನಿಗೆ ಅದನ್ನು ತೋರಿಸಿದೆ. ಹೆಸರುಗಳನ್ನೆಲ್ಲ ಕೇಳಿಸಿಕೊಂಡು, “ಪಾಪ, ಆ ಹಿಮದಲ್ಲಿ ಅವಕ್ಕೆ ಹುಲ್ಲು ಎಲ್ಲಿತ್ತು?” ಎಂದರು. ಮೇವು ಹಡಗಿನಲ್ಲೇ ಬಂದಿತ್ತು, ಆದರೆ ಅದನ್ನು ಮೂಸಿ ನೋಡಿ ಬಿಟ್ಟು ಹಗ್ಗವನ್ನೂ ಚಹಾದ ಚರಟವನ್ನೂ ತಿನ್ನುತ್ತಿದ್ದವಂತೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನೊಂದು ಸಲ ಬೆಳಕಿಗೆ ಹಿಡಿ, ನೋಡುತ್ತೇನೆ” ಎಂದರು.