ಬಸವರಾಜ ದುರ್ಗದ ಸಿಹಿನೀರು

ಹೊನ್ನಾವರದ ಅಳಿವೆ ದಾಟುವುದು ಸಲೀಸಲ್ಲ. ಶರಾವತಿ ಹೊರಗೆ ನೂಕುತ್ತಾಳೆ, ಸಮುದ್ರ ಒಳಗೆ ನೂಕುತ್ತದೆ, ನಡುವೆ ಮರಳಿನ ದಿಬ್ಬ. ಉಬ್ಬರದ ಹೊತ್ತು ನೋಡಿಯೇ ನಮ್ಮ ಬೋಟು ನಡೆಸುವ ತಾಂಡೇಲರು ಬಸವರಾಜ ದುರ್ಗದ ದ್ವೀಪಕ್ಕೆ ಬೋಟು ಬಿಟ್ಟರು. ನಾನು, ಶಿರಸಿಯಿಂದ ಬಂದಿದ್ದ ದೊಡ್ಡಪ್ಪನ ಮಗ, ಇಬ್ಬರೂ ಲೈಫ್ ಜಾಕೆಟ್ ಬಿಗಿದುಕೊಂಡು ಕೂತೆವು. 2019ರಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವಾಗ ದೋಣಿ ಮುಳುಗಿದ್ದನ್ನು ಈ ಕರಾವಳಿಯವರು ಯಾರೂ ಮರೆತಿಲ್ಲ.

ಬಸವರಾಜ ದುರ್ಗ ಕೆಳದಿ ನಾಯಕರ ಕಾಲದ ಕೋಟೆ. ಸಮುದ್ರದ ನಡುವೆ ಯಾಕೆ ಇಷ್ಟು ಖರ್ಚು ಮಾಡಿದರು ಅನ್ನುವುದು ಮೇಲೆ ನಿಂತರೆ ತಿಳಿಯುತ್ತದೆ. ನದಿಯ ಬಾಯಿಗೆ ಬರುವ ಹಡಗೆಲ್ಲ ಕಣ್ಣಿಗೆ ಬೀಳುತ್ತದೆ. ಘಟ್ಟದ ಕಾಳುಮೆಣಸು ಇದೇ ಶರಾವತಿಯಲ್ಲಿ ಇಳಿದು ಬರುತ್ತಿತ್ತು. ಕೆಳದಿಯವರಿಗಿಂತ ಮೊದಲು ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಅಂತಲೇ ಕರೆದರು. ಆ ಮೆಣಸಿಗಾಗಿ ಎಷ್ಟು ಯುದ್ಧ ನಡೆದವು!

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಳಗಿನ ಬಾವಿ. ಸುತ್ತ ಉಪ್ಪುನೀರು, ಇಲ್ಲಿ ಸಿಹಿನೀರು.

"ಕುಡಿಯಬಹುದಾ ಅಣ್ಣಾ?" ಅಂದೆ.

"ನಮ್ಮ ಅಪ್ಪನ ಕಾಲದಲ್ಲಿ ಬಲೆ ಬೀಸೋಕೆ ಬಂದವರೆಲ್ಲ ಇದನ್ನೇ ಕುಡೀತಿದ್ರು" ಅಂದರು ತಾಂಡೇಲರು.

ಇದೆಲ್ಲ ಚಿರೇಕಲ್ಲಿನ ಕೆಲಸ. ನಮ್ಮ ಮನೆಗಳ ಗೋಡೆಗೆ ಹಾಕುತ್ತೇವಲ್ಲ, ಅದೇ ಕಲ್ಲು. ಅದರ ಮೈತುಂಬ ಸಣ್ಣ ಸಣ್ಣ ತೂತು. ಮಳೆನೀರು ಅವುಗಳಲ್ಲಿ ಇಳಿದು, ಕೆಳಗೆ ಜೇಡಿ ಸಿಕ್ಕಲ್ಲಿ ನಿಲ್ಲುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ದ್ವೀಪದ ಅಡಿಯಲ್ಲಿ ಅದು ಮೇಲೆಯೇ ಉಳಿಯುತ್ತದೆ. ಕೋಟೆ ಗೋಡೆಗೂ ಇದೇ ಕಲ್ಲು. ನೆಲದಲ್ಲಿರುವಾಗ ಮೆತ್ತಗೆ, ಸುಲಭವಾಗಿ ಕಡಿಯಬಹುದು. ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಈ ಬಾವಿ ಇಲ್ಲದಿದ್ದರೆ ಎಷ್ಟು ಎತ್ತರದ ಗೋಡೆ ಕಟ್ಟಿದರೂ ಕಾವಲಿನವರು ಬೇಸಿಗೆಯಲ್ಲಿ ಬದುಕುತ್ತಿರಲಿಲ್ಲ, ಅಲ್ವಾ? ಚರಿತ್ರೆ ಓದುವಾಗ ರಾಜರ ಹೆಸರು ಜಾಸ್ತಿ ಸಿಗುತ್ತದೆ, ನೀರಿನ ಮಾತು ಕಡಿಮೆ. ನನಗಂತೂ ಬಾವಿಯೇ ಈ ದುರ್ಗದ ಮುಖ್ಯ ಭಾಗ.

ಮೇಲಿನ ಬಯಲಲ್ಲಿ ಕರಡ ಒಣಗಿ ಮೊಣಕಾಲೆತ್ತರ ನಿಂತಿತ್ತು. ಗೋಡೆಯ ಸಂದಿಯಲ್ಲಿ ಗೋಳಿ ಬೇರು ಇಳಿಸಿದೆ. ಬಿಳಿ ಹೊಟ್ಟೆಯ ಕಡಲ ಹದ್ದೊಂದು ನಮ್ಮ ತಲೆ ಮೇಲೆ ಸುತ್ತಿ ಹೋಯಿತು. ಹೊನ್ನಾವರದ ಕಡಲತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಈ ನೀರೆಲ್ಲ ಅವುಗಳದ್ದೂ ಹೌದು.

ಬಾವಿಯಲ್ಲಿ ಪ್ಲಾಸ್ಟಿಕ್ ಬಾಟಲಿ ತೇಲುತ್ತಿದ್ದುದನ್ನು ನೋಡಿ ಹೊಟ್ಟೆ ಉರಿಯಿತು. ತಾಂಡೇಲರು ಬೋಟಿನಿಂದ ಹಗ್ಗ, ಬಕೆಟ್ಟು ತಂದರು. ಒಂದೊಂದಾಗಿ ಎತ್ತಿ ಚೀಲಕ್ಕೆ ತುಂಬಿದೆವು. "ಬೋಟ್ ಹತ್ತುವಾಗಲೇ ಜನರಿಗೆ ಈ ಬಾವಿಯ ಕಥೆ ಹೇಳಿ ಅಣ್ಣಾ" ಅಂದೆ. "ನೀವು ಹೇಳಿದ ಹಾಗೇ ಹೇಳ್ತೆ" ಅಂದರು.